ಸಾವಿರ ವಾಟಿನ ಧಣಿ

ಕಾಸರಗೋಡು ಜಿಲ್ಲೆಯ ತೆಂಕು ತುದಿಯಲ್ಲಿ, ನೀಲೇಶ್ವರದ ಕೋಟಪ್ಪುರಂ ಕಡವಿನಿಂದ ವಲಿಯಪರಂಬದ ಹಿನ್ನೀರಿಗೆ ಹೊರಡುವ ಹೌಸ್‌ಬೋಟುಗಳ ಲೋಕದಲ್ಲಿ ಇಂಥ ಧಣಿಯೊಬ್ಬ ಇದ್ದೇ ಇರುತ್ತಾನೆ. ಊರು ಉಪ್ಪಳವೂ ಆಗಬಹುದು, ಚೆರುವತ್ತೂರೂ ಆಗಬಹುದು. ಮಾತು ಕನ್ನಡವೋ ತುಳುವೋ ಮಲಯಾಳವೋ, ಹೆಮ್ಮೆ ಒಂದೇ: "ಸಾವಿರ ವಾಟ್, ಮಾರಾಯ್ರೇ!" ಹತ್ತಿದವರಿಗೆ ಅವನು ಮೊದಲು ತೋರಿಸುವುದು ಹಿನ್ನೀರನ್ನಲ್ಲ, ನೀಲಿ ದೀಪ ಮಿನುಗುವ ಆಂಪ್ಲಿಫೈಯರನ್ನು. ಬ್ಯಾಟರಿ ಎಲ್ಲಿ ಎಂದು ಕೇಳಿದರೆ ಮಾತ್ರ ಕೆಲಸದ ಹುಡುಗನನ್ನು ಕರೆಯುತ್ತಾನೆ. ಅದು ಹಲಗೆಯ ಅಡಿಯಲ್ಲೆಲ್ಲೋ, ಹಗ್ಗ, ಟಾರ್ಪಾಲುಗಳ ನಡುವೆ, ಟರ್ಮಿನಲ್ಲಿಗೆ ಉಪ್ಪುಗಾಳಿಯ ಹಸಿರು ಹಿಡಿದು ಕೂತಿರುತ್ತದೆ. ಇವನನ್ನು ದಡ್ಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವನು ನಾಲ್ಕು ಜನಕ್ಕೆ ಕಾಣುವುದಕ್ಕೆ ಮಾತ್ರ ದುಡ್ಡು ಬಿಚ್ಚುವ ಮನುಷ್ಯ. ಹಲಗೆಯಡಿಯ ಬ್ಯಾಟರಿ ಯಾರಿಗೂ ಕಾಣುವುದಿಲ್ಲ, ಅದೊಂದೇ ಅದರ ತಪ್ಪು.

ಅವನ ಸಾವಿರ ವಾಟನ್ನು ನಂಬಿಯೇ ಲೆಕ್ಕ ಹಾಕೋಣ. 12 ವೋಲ್ಟಿನ ಬ್ಯಾಟರಿಯಿಂದ 1000 ವಾಟ್ ಎಳೆಯಬೇಕಾದರೆ 80 ಆಂಪಿಯರಿಗೂ ಮೇಲೆ ಬೇಕು. 100 ಎಎಚ್ (ಆಂಪಿಯರ್-ಗಂಟೆ) ಎಂದು ಬರೆದ ಆಸಿಡ್ ಬ್ಯಾಟರಿಯಲ್ಲಿ ಆಯುಸ್ಸು ಕೆಡದಂತೆ ಬಳಸಬಹುದಾದದ್ದು ಸುಮಾರು ಅರ್ಧ. ಆ ನೂರಾದರೂ 5 ಆಂಪಿಯರಿನಂತೆ 20 ಗಂಟೆ ಸಾವಕಾಶವಾಗಿ ತೆಗೆದರೆ ಸಿಗುವ ನೂರು. ರಭಸದಿಂದ ಎಳೆದಷ್ಟೂ ಅದು ಕುಗ್ಗುತ್ತದೆಂದು ಜರ್ಮನಿಯ ಪಾಯ್ಕರ್ಟ್ 1897ರಲ್ಲೇ ಸೂತ್ರ ಬರೆದಿಟ್ಟಿದ್ದಾನೆ. ಅಂದರೆ ಅರ್ಧ ಗಂಟೆಯಲ್ಲಿ ಹಾಡು ನಿಲ್ಲಬೇಕು. ನಿಲ್ಲುವುದಿಲ್ಲ, ಸಂಜೆಯಿಡೀ ನಡೆಯುತ್ತದೆ. ಯಾಕೆಂದರೆ ಹಾಡಿನ ಸರಾಸರಿ ಎಳೆತ ಅದರ ಗರಿಷ್ಠಕ್ಕಿಂತ ಎಷ್ಟೋ ಕಡಿಮೆ, ಪೆಟ್ಟಿಗೆಯ ಮೇಲಿನ ಅಂಕಿಯೂ ಹೆಚ್ಚಾಗಿ ಪಿಎಂಪಿಒ, ಅಂದರೆ ಕ್ಷಣಮಾತ್ರದ ಗರಿಷ್ಠ. ವಾಟ್ ನಿಜವಾದರೆ ಬ್ಯಾಟರಿ ಸಾಯಬೇಕು, ಬ್ಯಾಟರಿ ಬಾಳಿದರೆ ವಾಟ್ ಸುಳ್ಳಾಗಬೇಕು. ಧಣಿ ಎರಡಕ್ಕೂ ಒಪ್ಪುವುದಿಲ್ಲ. ಅತಿಥಿಗಳ ಮುಂದೆ ಸಾವಿರ. ಬ್ಯಾಟರಿ ಅಂಗಡಿಯಲ್ಲಿ "ಸಣ್ಣ ಸೆಟ್ಟು, ಕಮ್ಮಿಯದ್ದೇ ಕೊಡಿ". (ಕುಂಬಳೆ ಸೀಮೆಯ ಚೆಂಡೆ ಬ್ಯಾಟರಿಯಿಲ್ಲದೆ ಊರಾಚೆಗೂ ಕೇಳುತ್ತದೆ. ಅದನ್ನು ಬಾರಿಸುವವರು ವಾಟ್ ಹೇಳಿದ್ದಿಲ್ಲ.)

"ಕಾರಿಗೆ ಇದೇ ಬ್ಯಾಟರಿ ನಾಲ್ಕು ವರ್ಷ ಬಂತಲ್ಲ" ಎಂಬುದು ಅವನ ಮೊದಲ ವಾದ. ಬಂದಿರಬಹುದು. ಕಾರಿನ ಬ್ಯಾಟರಿಯ ಪ್ಲೇಟು ತೆಳು. ಎಂಜಿನನ್ನು ಎಬ್ಬಿಸುವ ಮೂರು ಸೆಕೆಂಡಿಗೆ ಭಾರೀ ಕರೆಂಟು ಕೊಡುವುದು ಅದರ ಕೆಲಸ, ಕೊಟ್ಟದ್ದನ್ನು ಓಡುವ ಎಂಜಿನ್ ಕೂಡಲೇ ತುಂಬುತ್ತದೆ. ಹೌಸ್‌ಬೋಟಿನಲ್ಲಿ ಹಾಡಿಗೆ ರಂಗೇರುವುದೇ ಲಂಗರು ಹಾಕಿ ಎಂಜಿನ್ ಆರಿಸಿದ ಮೇಲೆ. ಸಂಜೆ ಆರೂವರೆಯಿಂದ ರಾತ್ರಿ ಹತ್ತರವರೆಗೆ 12 ಆಂಪಿಯರಿನಂತೆ ಎಳೆದರೂ 42 ಎಎಚ್ ಖರ್ಚು. (10ರಿಂದ 6ರವರೆಗೆ ಹೊರಗೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ, ಬ್ಯಾಟರಿಯ ಮೇಲಿನ ಕರುಣೆಯಿಂದ ಬರೆದದ್ದಲ್ಲ, ಆದರೂ ಅದಕ್ಕಿರುವ ಕಾನೂನಿನ ರಕ್ಷಣೆ ಅದೊಂದೇ.) ಬೆಳಿಗ್ಗೆ ಕಡವಿಗೆ ಮರಳುವ ಒಂದು ಗಂಟೆಯಲ್ಲಿ ಎಂಜಿನಿನ ಆಲ್ಟರ್ನೇಟರ್ 15 ಎಎಚ್ ತುಂಬಿದರೆ ಪುಣ್ಯ. ಉಳಿದದ್ದು ಅಂಗಡಿಯ ಕಡದ ಪುಸ್ತಕದಂತೆ ದಿನದಿನಕ್ಕೆ ಬೆಳೆಯುತ್ತದೆ. ಹೀಗೆ ಅರೆಹೊಟ್ಟೆಯಲ್ಲಿ ಬಿದ್ದುಕೊಂಡ ಆಸಿಡ್ ಬ್ಯಾಟರಿಯ ಪ್ಲೇಟಿನಲ್ಲಿ ಸಲ್ಫೇಟ್ ಗಟ್ಟಿಯಾಗಿ, ಒಂದೇ ಸೀಸನ್ನಿನಲ್ಲಿ ಅದರ ಕಥೆ ಮುಗಿಯುತ್ತದೆ. ಧಣಿ ಆಗ ಕಂಪನಿಯನ್ನು ಬೈದು, ಅದಕ್ಕಿಂತ ಅಗ್ಗದ ಇನ್ನೊಂದನ್ನು ತರುತ್ತಾನೆ.

"ಏಸಿಗಾಗಿ ಜನರೇಟರ್ ಹೇಗೂ ಓಡುತ್ತದಲ್ಲ?" ಇದು ಗಟ್ಟಿ ಪ್ರಶ್ನೆ. ಓಡುವ ಜನರೇಟರಿಗೆ 15 ಆಂಪಿಯರಿನ ಒಳ್ಳೆಯ ಚಾರ್ಜರ್ ಒಂದನ್ನು ಜೋಡಿಸಿದರೆ ರಾತ್ರಿಯ ಹಾಡಿನ ಬಹುಪಾಲು ಖರ್ಚು ಅಲ್ಲೇ ತುಂಬಿ ಬರುತ್ತದೆ. ಇಡೀ ಪರಿಹಾರದಲ್ಲಿ ಅಗ್ಗದ್ದೂ ಅದೇ. ಆದರೆ ಚಾರ್ಜರಿಗೆ ನೀಲಿ ದೀಪವಿಲ್ಲ. ಸೋಲಾರಿಗೂ ಬೇರೆ ಗತಿಯಿಲ್ಲ. 100 ವಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 30 ಎಎಚ್‌ನ ಹತ್ತಿರ ಕೊಟ್ಟೀತು, ಆಷಾಢದಲ್ಲಿ ಅದರ ಮಾತೆತ್ತುವಂತಿಲ್ಲ. ಧಣಿ ಅದನ್ನು ಮಾಡಿನ ಮೇಲಿನ ಸ್ಪೀಕರ್ ಪೆಟ್ಟಿಗೆಯ ನೆರಳಿನಲ್ಲೇ ಕೂರಿಸುತ್ತಾನೆ. ಕೊನೆಗೆ ಲಿಥಿಯಂ ಎಂಬ ಮಂತ್ರ. ಅದು ಹಗುರ, ನೂರರಲ್ಲಿ ಎಂಬತ್ತು ಧಾರಾಳವಾಗಿ ಬಳಸಬಹುದು, ಎಲ್ಲ ನಿಜ. ಆದರೆ ಹಸಿದ ಲಿಥಿಯಂ ಆಲ್ಟರ್ನೇಟರ್ ಕೊಟ್ಟಷ್ಟನ್ನೂ ಎಳೆಯುವುದರಿಂದ ನಡುವೆ ಡಿಸಿ-ಡಿಸಿ ಚಾರ್ಜರ್ ಇಲ್ಲದಿದ್ದರೆ ಆಲ್ಟರ್ನೇಟರೇ ಬೆಂದುಹೋದೀತು. 2017ರಲ್ಲಿ ವೈಕ್ಕಂನಲ್ಲಿ ಓಡತೊಡಗಿದ 75 ಸೀಟಿನ ಸೌರ ದೋಣಿ 'ಆದಿತ್ಯ'ದಲ್ಲಿ ಲಿಥಿಯಂ ಬ್ಯಾಟರಿಯೇ ಇದೆ. 50 ಯೂನಿಟ್ ಹಿಡಿಯುವ ಅದಕ್ಕೆ ಮಾಡಿನ ಮೇಲೆ 20 ಕಿಲೋವಾಟಿನ ಪ್ಯಾನೆಲನ್ನೂ ಹಾಸಿದ್ದಾರೆ. ತುಂಬುವ ದಾರಿಯನ್ನು ಯೋಚಿಸದೆ ಬ್ಯಾಟರಿಯ ಜಾತಿ ಬದಲಿಸಿದರೆ ಬರಿದಾಗುವುದು ದುಬಾರಿ ಬ್ಯಾಟರಿ, ಅಷ್ಟೇ.

ಒಂದು ರಾತ್ರಿಯ ಮೋಜಿಗೆ ಇಷ್ಟು ಲೆಕ್ಕವೇಕೆ ಎನ್ನಬಹುದು. ಮೋಜು ಮೋಜಾಗಿಯೇ ಉಳಿಯುವುದಾದರೆ ಬೇಡ. ಆದರೆ ಧಣಿಯ ದೋಣಿಯಲ್ಲಿ ಹಾಡಿಗೂ ಸೆಲ್ಫ್ ಮೋಟಾರಿಗೂ ಬ್ಯಾಟರಿ ಒಂದೇ. ರಾತ್ರಿ ಕುಣಿದವರೇ ಬೆಳಿಗ್ಗೆ ಎಂಜಿನಿನ 'ಟಕ್ ಟಕ್' ಕೇಳುತ್ತ, ಹುಡುಗರು ಬಿದಿರ ಗಳ ಊರುವುದನ್ನು ನೋಡುತ್ತ ಕೂರಬೇಕಾಗುತ್ತದೆ. ರಾತ್ರಿಯ ಖರ್ಚನ್ನು ಮೊದಲು ಬರೆದು, ಅದರ ಎರಡರಷ್ಟಕ್ಕೂ ಮಿಗಿಲಾದ ಟ್ಯೂಬ್ಯುಲರ್ ಬ್ಯಾಟರಿ, ಆ ಬ್ಯಾಟರಿಯ ಎಎಚ್‌ನ ಹತ್ತನೇ ಒಂದು ಪಾಲು ಆಂಪಿಯರಾದರೂ ಕೊಡುವ ಚಾರ್ಜರ್, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ಎಂಜಿನಿಗೆ ಯಾರೂ ಮುಟ್ಟದ ಬೇರೆ ಬ್ಯಾಟರಿ, ಇಷ್ಟಾದ ಮೇಲೆ ಮಿಕ್ಕಿದ ದುಡ್ಡಿಗೆ ಬರುವ ಆಂಪ್ಲಿಫೈಯರೇ ಆ ದೋಣಿಗೆ ತಕ್ಕ ಆಂಪ್ಲಿಫೈಯರ್. ಧಣಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ. ಗಿರಾಕಿಗಳು ಕೇಳಿದರೆ ಮಾತ್ರ ಅವನು ಕೇಳಿಸಿಕೊಳ್ಳುತ್ತಾನೆ. ಆದ್ದರಿಂದ ಮುಂಗಡ ಕೊಡುವ ಮೊದಲು ಎಂಜಿನಿಗೆ ಬೇರೆ ಬ್ಯಾಟರಿ ಇದೆಯೇ ಎಂದು ವಿಚಾರಿಸಿ. ಇಲ್ಲವೆಂದರೆ ಹಗಲಿನ ಪ್ರಯಾಣವನ್ನೇ ಗೊತ್ತುಮಾಡಿಕೊಳ್ಳಿ. ಆಗ ಎಂಜಿನಾದರೂ ಓಡುತ್ತಿರುತ್ತದೆ.