ದೇವಾನಾಂಪ್ರಿಯನಿಗೂ ಸ್ಪ್ಯಾಮ್

ಸಿಂಧನೂರಿನ ಕಂಪ್ಯೂಟರ್ ಅಂಗಡಿ. ಬಂದವರು ನಿವೃತ್ತ ಮಾಸ್ತರು, ಶಾಸನಪ್ರಿಯರು. (ಅಂದರೆ ಯಾರೂ ಕೇಳದಿದ್ದರೂ ಶಾಸನದ ಫೋಟೊ ಕಳಿಸುವವರು.)

ಮಾಸ್ತರು: ತಮ್ಮಾ, ಮಸ್ಕಿಯ ಅಶೋಕನ ಶಾಸನ ಆರುನೂರು ಮಂದಿಗೆ ಮೇಲ್ ಮಾಡೀನಿ. ಒಬ್ಬರೂ ಚಲೋ ಅನವಲ್ಲರು.

ಹುಡುಗ: ಜಿಮೇಲ್‌ನ್ಯಾಗ ದಿನಕ್ಕ 500 ಮಂದಿಗಷ್ಟರೀ. ಆ 500 ಮಂದಿಗೆ ಸ್ಪ್ಯಾಮ್ ನೋಡ್ಲಿ ಅಂತ ಹೇಳ್ರಿ.

ಮಾಸ್ತರು: ಹೆಂಗ ಹೇಳಲಿ?

ಹುಡುಗ: ಇನ್ನೊಂದು ಮೇಲ್ ಹಾಕ್ರಿ.

ಮಾಸ್ತರು: ಅದೆಲ್ಲಿಗೆ ಹೋಗತೈತಿ?

ಹುಡುಗ: ಸ್ಪ್ಯಾಮಿಗೇ ರೀ.

ಮಾಸ್ತರು: ನಾನೇನು ಲಾಟರಿ ಮಾರಾಕತ್ತೀನೇನು?

ಹುಡುಗ: ಸಬ್ಜೆಕ್ಟಿನ್ಯಾಗ ‘ಚಿನ್ನ ಹುಡುಕಿದವರಿಗೆ ಸಿಕ್ಕ ಸಂಪತ್ತು!!!’ ಅಂತ ಬರದೀರಿ.

ಮಾಸ್ತರು: ಸುಳ್ಳೇನು? 1915ರಾಗ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಅವರಿಗೇ ಸಿಕ್ಕಿದ್ದು!

ಹುಡುಗ: ಮಷೀನಿಗೆ ಇತಿಹಾಸ ಬ್ಯಾಡರಿ, ಕಳಿಸಿದೋರು ಯಾರಂತ ಖಾತ್ರಿ ಬೇಕು. ನೀವು ಹೆಸರು ಬಿಟ್ಟು ‘ಶಾಸನಪ್ರಿಯ’ ಅಂತ ಮೂರು ಖಾತೆ ತಗದೀರಿ.

ಮಾಸ್ತರು: ಅಶೋಕನೂ ಬಹಳ ಕಡೆ ಬರೇ ‘ದೇವಾನಾಂಪ್ರಿಯ’ ಅಂತ ಬರಸ್ಯಾನಪಾ. ಮಸ್ಕಿಯೊಳಗ ಹೆಸರು ಸಿಕ್ಕ ಮ್ಯಾಲೇ ಕಳಿಸಿದಾಂವ ಅಂವನೇ ಅಂತ ಕಲ್ಲಿನ ಸಾಕ್ಷಿ ಆತು.

ಹುಡುಗ: ಅಂವ ಫೋಟೊ ಹಚ್ಚಿರಲಿಲ್ಲ ಬಿಡ್ರಿ. ನಿಮ್ಮ ಖಾತೆಯ 15 ಜಿಬಿ ಜಾಗ ತುಂಬೈತಿ. ಇನ್ನ ಬರೋ ಮೇಲೂ ವಾಪಸ್.

ಮಾಸ್ತರು (ಮುಖ ಅರಳಿಸಿ): ಹಂಗಾದ್ರ ಎಲ್ಲಾರೂ ಹೊಗಳಿ ಬರದಾರ, ನನಗ ಮುಟ್ಟಿಲ್ಲಷ್ಟೇ!

ಹುಡುಗ ಸುಮ್ಮನಾದ. ದುಡ್ಡು ಇಸಿದುಕೊಳ್ಳುವುದಿತ್ತಲ್ಲ.

ಓದುಗರೇ, ದಯವಿಟ್ಟು ನಿಮ್ಮ ಸ್ಪ್ಯಾಮ್ ಫೋಲ್ಡರ್ ತೆರೆದು ‘ಇದು ಸ್ಪ್ಯಾಮ್ ಅಲ್ಲ’ ಎಂದು ಒತ್ತಿ. ಮಾಸ್ತರರ ಖಾತೆ ಖಾಲಿಯಾಗುವತನಕ ಉತ್ತರ ಮಾತ್ರ ಬರೆಯಬೇಡಿ.