ತ್ರೇತಾಯುಗದ ನಾಯಿ

ಧರ್ಮ ಎತ್ತಿನ ರೂಪದಲ್ಲಿದೆ, ಕೃತಯುಗದಲ್ಲಿ ಅದಕ್ಕೆ ನಾಲ್ಕು ಕಾಲಿದ್ದವು, ಯುಗಕ್ಕೊಂದರಂತೆ ಕಳೆದುಕೊಳ್ಳುತ್ತ ಬಂದು ಈ ಕಲಿಯುಗದಲ್ಲಿ ಒಂಟಿಗಾಲಿನ ಮೇಲೆ ನಿಂತಿದೆ ಎಂದು ಪುರಾಣ ಹೇಳುವವರೆಲ್ಲ ಹೇಳುತ್ತ ಬಂದಿದ್ದಾರೆ. ಈ ಲೆಕ್ಕ ಒಪ್ಪಿದರೆ ರಾಯಚೂರಿನ ತೀನ್ ಕಂದೀಲ್ ಸುತ್ತ ಕುಪ್ಪಳಿಸುತ್ತ ಹೋಗುವ ಮೂರು ಕಾಲಿನ ನಾಯಿ ತ್ರೇತಾಯುಗಕ್ಕೆ ಸೇರಿದ್ದು. ಧರ್ಮಕ್ಕಿಂತ ಎರಡು ಕಾಲು ಮುಂದಿದೆ, ನಮಗಿಂತ ಒಂದು. ಒಂಟಿಗಾಲಿನ ಧರ್ಮವನ್ನು ಉಳಿಸುತ್ತೇವೆಂದು ಮೈಕು ಹಚ್ಚಿ ಭಾಷಣ ಮಾಡುವವರು ಊರ ತುಂಬ ಇದ್ದಾರೆ. ಮೂರು ಕಾಲಿನದ್ದನ್ನು ಮನೆಗೆ ಕರೆದೊಯ್ಯುವವರು ಮಾತ್ರ ಸಿಗುವುದಿಲ್ಲ. ಹಾಗಾಗಿ ಅದರ ಪರವಾಗಿ ಈ ವಕಾಲತ್ತು. ನಾಯಿಯನ್ನೋ ಬೆಕ್ಕನ್ನೋ ಸಾಕಬೇಕೆಂದು ಈಗಾಗಲೇ ಮನಸ್ಸು ಮಾಡಿದವರು ಮೂರು ಕಾಲಿನದ್ದನ್ನೇ ತರಲಿ ಎಂಬುದಷ್ಟೇ ನನ್ನ ವಾದ. ಸಾಕುವುದೇ ಬೇಡ ಎಂದು ತೀರ್ಮಾನಿಸಿದವರ ತಂಟೆಗೆ ನಾನು ಹೋಗುವುದಿಲ್ಲ. ಅವರ ಸುಖ ಅವರಿಗಿರಲಿ.

ಕಾಲು ಹೋಗುವ ಬಗೆಯನ್ನು ಮೊದಲು ನೋಡಬೇಕು. ಯಾಕೆಂದರೆ ಕುಂಟುವ ನಾಯಿಯನ್ನು ಕಂಡಾಗ ಏನೋ ಅದೇ ತಪ್ಪು ಮಾಡಿಕೊಂಡಿತೆಂಬ ಹಾಗೆ ಮುಖ ಕಿವುಚುತ್ತೇವೆ. ದೇವದುರ್ಗದ ಕಡೆ ಕೃಷ್ಣೆಯ ಮರಳು ತುಂಬಿಕೊಂಡು ಓಡುವ ಟಿಪ್ಪರು, ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಹೊತ್ತ ಲಾರಿ, ರಾಯಚೂರಿನಲ್ಲಿ ಯಾವ ಕಡೆ ತಿರುಗುತ್ತದೆಂದು ಓಡಿಸುವವನಿಗೂ ಗೊತ್ತಿಲ್ಲದ ಬೈಕು. ಬೆಕ್ಕಿನ ಕಥೆ ಬೇರೆ. ಅದು ನಿಂತ ಕಾರಿನ ಬಾನೆಟ್ಟಿನೊಳಗೆ ಹೊಕ್ಕು ಮಲಗಿರುತ್ತದೆ, ಒಡೆಯ ಬಂದು ಚಾವಿ ತಿರುವುತ್ತಾನೆ. ಬೇಕೆಂದೇ ಕಲ್ಲು, ಕೊಡಲಿ ಬೀಸಿ ಕಾಲು ಮುರಿಯುವವರೂ ಇಲ್ಲದಿಲ್ಲ. ಅಂಥವರಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮೊದಲ ತಪ್ಪಿಗೆ ಇಟ್ಟ ದಂಡ 10ರಿಂದ 50 ರೂಪಾಯಿ. ಆ ದುಡ್ಡಿಗೆ ಇವತ್ತು ಗಂಜಿನ ಬದಿಯ ಹೋಟೆಲಿನಲ್ಲಿ ಒಂದು ಪ್ಲೇಟು ಒಗ್ಗರಣೆ, ಎರಡು ಮಿರ್ಚಿ ಬಂದರೆ ಹೆಚ್ಚು. ಈಗಿನ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಸೆರೆವಾಸಕ್ಕೂ ಅವಕಾಶ ಉಂಟು. ಆದರೆ ನಾಯಿ ಠಾಣೆಗೆ ಹೋಗಿ ದೂರು ಬರೆಸುವುದಿಲ್ಲ ಎಂಬ ಧೈರ್ಯದ ಮೇಲೆ ಲೋಕ ನಡೆದಿದೆ.

ಇಷ್ಟಾದರೂ ಕಾಲು ಕಳೆದುಕೊಂಡ ಪ್ರಾಣಿ ನಾವು ಅಂದುಕೊಂಡಷ್ಟು ಶೋಕದಲ್ಲಿ ಇರುವುದಿಲ್ಲ. ನಾಯಿಯ ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೂ 40 ಪಾಲು ಹಿಂಗಾಲುಗಳ ಮೇಲೂ ಬೀಳುತ್ತದೆ. ಆದ್ದರಿಂದ ಹಿಂಗಾಲು ಹೋದದ್ದು ಬೇಗ ಸುಧಾರಿಸಿಕೊಳ್ಳುತ್ತದೆ, ಮುಂಗಾಲು ಹೋದದ್ದು ತುಸು ತಡವಾಗಿ. ಮುಂಗಾಲಿಲ್ಲದ್ದು ಹೆಜ್ಜೆಗೊಮ್ಮೆ ತಲೆಯನ್ನು ಮೇಲೆ ಕೆಳಗೆ ಆಡಿಸುವುದರಿಂದ, ದೂರದಿಂದ ನೋಡಿದವರಿಗೆ ಎಲ್ಲರ ಮಾತಿಗೂ ಹೂಂಗುಟ್ಟುತ್ತ ಹೊರಟಿದೆ ಅನಿಸುತ್ತದೆ. ಹಿಂಗಾಲಿಲ್ಲದ್ದು ಉಳಿದ ಒಂದನ್ನು ಹೊಟ್ಟೆಯ ನಡುಗೆರೆಗೆ ಸರಿಸಿಟ್ಟು, ಬಾಲವನ್ನು ಅತ್ತಿತ್ತ ತೂಗಿ ತೂಕ ಸರಿಮಾಡಿಕೊಳ್ಳುತ್ತದೆ. ಗಂಡಾದರೆ ಇನ್ನೂ ಒಂದು ಅನುಕೂಲ: ಕಂಬ ಕಂಡಾಗ ಒಂದು ಮಗ್ಗುಲಿಗೆ ಕಾಲು ಎತ್ತುವ ಕೆಲಸವೇ ಇಲ್ಲ, ಮೊದಲೇ ಎತ್ತಿ ಆಗಿದೆ. ನೆದರ್ಲೆಂಡ್ಸಿನ ಪಶುವೈದ್ಯರು ಕಾಲು ಕತ್ತರಿಸಿದ ನಾಯಿಗಳ ಒಡೆಯರನ್ನು ವಿಚಾರಿಸಿ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಹುಪಾಲು ನಾಯಿಗಳು ತಿಂಗಳೊಳಗೆ ಹೊಸ ನಡಿಗೆಗೆ ಒಗ್ಗಿಕೊಂಡಿದ್ದವು. ಒಡೆಯರು ಒಗ್ಗಿಕೊಳ್ಳಲು ಅದಕ್ಕಿಂತ ಹೆಚ್ಚು ದಿನ ಹಿಡಿದಿರಬೇಕೆಂಬುದು ನನ್ನ ಗುಮಾನಿ. ಮೂರರ ಮೇಲೆ ನಂಬಿಕೆ ಇಲ್ಲ ಎನ್ನುವ ನಮ್ಮವರಾದರೂ ಯಾರು? ಮೂರು ಗಾಲಿಯ ಟಂಟಂನಲ್ಲಿ ಡ್ರೈವರನ ಆಚೀಚೆ ಇಬ್ಬರು, ಹಿಂದೆ ಹತ್ತು ಮಂದಿ, ಮೇಲೆ ಗೊಬ್ಬರದ ಚೀಲ ಹೇರಿಕೊಂಡು ಹಳ್ಳಿಯಿಂದ ಮಾನ್ವಿಗೆ ಬಂದು ಇಳಿಯುವವರು.

ನಾಲ್ಕು ಕಾಲಿನದ್ದೇ ಬೇಕೆಂದು ಹಟ ಹಿಡಿದವರು ಕೊನೆಗೆ ತರುವುದೇನನ್ನು? ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲದ ಊರಿಗೆ ಸೈಬೀರಿಯನ್ ಹಸ್ಕಿ ತರುತ್ತಾರೆ. ಹಿಮದ ಮೇಲೆ ಗಾಡಿ ಎಳೆಯಲೆಂದು ಹುಟ್ಟಿದ, ಎರಡು ಪದರ ತುಪ್ಪಳದ ಪ್ರಾಣಿ ಅದು. ರಾಯಚೂರಿನ ಬಿಸಿಲಲ್ಲಿ ಅದು ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚಾಚಿ ಫರಸಿಯ ಮೇಲೆ ಬಿದ್ದಿರುತ್ತದೆ. ಅದಕ್ಕೆ ಎ.ಸಿ. ಬೇಕು. ಶಕ್ತಿನಗರದ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟು 1720 ಮೆಗಾವಾಟ್ ತೆಗೆಯುವುದು ಈ ಘನಕಾರ್ಯಕ್ಕೇ ಇದ್ದೀತು. ಓಣಿಯಲ್ಲಿ ಹುಟ್ಟಿದ ಮೂರು ಕಾಲಿನ ನಾಯಿಗಾದರೆ ಬಚ್ಚಲ ಪಕ್ಕದ ತಂಪು ಮಣ್ಣು ಸಾಕು. ಕಾವಲು, ಜೊತೆ, ಸಂಜೆ ಬಾಗಿಲು ತೆರೆದಾಗ ಒಂದು ಜೀವ ಕುಣಿದಾಡುವುದು, ನಾಯಿಯಿಂದ ನಮಗೆ ಬೇಕಾದದ್ದು ಇಷ್ಟೇ ತಾನೆ? ಇವುಗಳಲ್ಲಿ ಒಂದಕ್ಕೂ ನಾಲ್ಕನೆಯ ಕಾಲು ಬೇಕಿಲ್ಲ. ಅದು ಬೇಕಾದದ್ದು ವಾಕಿಂಗಿಗೆ ಹೋದಾಗ ನಾಲ್ಕು ಜನರೆದುರು ಮೀಸೆ ತಿರುವಲು ಮಾತ್ರ.

ಆಕ್ಷೇಪಗಳು ಬರುತ್ತವೆ, ಬರಲಿ. ಮೊದಲನೆಯದು ಓಣಿಯ ಕಟ್ಟೆಯಿಂದ: “ಅಲ್ರೀ, ಸಿಕ್ಕಿ ಸಿಕ್ಕಿ ಕುಂಟ ನಾಯೇ ಸಿಕ್ತೇನ್ರೀ ನಿಮಗ? ಅಪಶಕುನ ಅದು.” ಹೀಗೆ ಹೇಳುವವರೇ ಶನಿವಾರ ಎಳ್ಳೆಣ್ಣೆ ಹಿಡಿದು ಶನಿದೇವರ ಗುಡಿಯೆದುರು ಸಾಲಿನಲ್ಲಿ ನಿಂತಿರುತ್ತಾರೆ, ಶನಿ ಕುಂಟನೆಂಬುದು ಪುರಾಣಪ್ರಸಿದ್ಧ. ಶಿವನ ಗಣದಲ್ಲಿ ಭೃಂಗಿಗೆ ಇರುವುದು ಮೂರೇ ಕಾಲು, ಅದರಲ್ಲಿ ಒಂದು ಶಿವನೇ ಕೊಟ್ಟದ್ದು. ರಾಯಚೂರು ತಾಲೂಕಿನ ಆತ್ಕೂರಿನಿಂದ ಹೊಳೆ ದಾಟಿದರೆ ಕುರುವಪುರ, ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ. ಅಲ್ಲಿಂದ ತಂದ ದತ್ತಾತ್ರೇಯನ ಪಟದಲ್ಲಿ ನಾಲ್ಕು ನಾಯಿಗಳಿವೆ, ಅವು ನಾಲ್ಕು ವೇದಗಳಂತೆ. ಪಟದ ನಾಯಿಗೆ ದಿನಾ ಊದುಬತ್ತಿ ಬೆಳಗುವವರು ಪಟದಿಂದ ಹೊರಗೆ, ಗೇಟಿನ ಹತ್ತಿರ ಕೂತ ನಾಯಿಯ ಕಾಲು ಎಣಿಸುವುದು ಯಾವ ಶಾಸ್ತ್ರ? ಈ ಮಾತು ಕೇಳಿದ ಮೇಲೂ ಕಟ್ಟೆಯವರು ಬಿಡುವುದಿಲ್ಲ, ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆ ತೆಗೆಯುತ್ತಾರೆ. ಈ ಒಂದು ಪ್ರಕರಣದಲ್ಲಿ ಎಣಿಸಿ ನೋಡಿಕೊಳ್ಳಬಹುದು.

ಎರಡನೆಯದು ಕಳ್ಳರ ಆಕ್ಷೇಪ; ಅಂದರೆ ಕಳ್ಳರಿಗೆ ಹೆದರುವವರದು. ಮೂರು ಕಾಲಿನದು ಮನೆ ಕಾಯುತ್ತದೆಯೇ? ಬೊಗಳುವುದು ಗಂಟಲಿನಿಂದ. ಕತ್ತಲಲ್ಲಿ ಗೋಡೆ ಹಾರಿದ ಕಳ್ಳ ಬ್ಯಾಟರಿ ಬಿಟ್ಟು ಕಾಲು ಎಣಿಸಿ, ಒಂದು ಕಡಿಮೆ ಇದೆಯೆಂದು ಸಮಾಧಾನದಿಂದ ಮುಂದುವರಿಯುವುದಿಲ್ಲ. ಬೆಕ್ಕಿನ ವಿಷಯಕ್ಕೆ ಬಂದರೆ, ಮಾನ್ವಿಯಂಥ ಭತ್ತದ ಸೀಮೆಯಲ್ಲಿ ಇಲಿ ಹಿಡಿಯುವ ಬೆಕ್ಕಿಗೆ ಮರ್ಯಾದೆ ಇದ್ದೇ ಇದೆ. ಬೆಕ್ಕು ಇಲಿಯನ್ನು ಓಡಿ ಹಿಡಿಯುವುದಕ್ಕಿಂತ ಕಾದು ಹಿಡಿಯುವುದೇ ಹೆಚ್ಚು. ಚೀಲದ ಸಂದಿಯೆದುರು ಗಂಟೆಗಟ್ಟಲೆ ಕೂರುವುದಕ್ಕೆ ಮೂರು ಕಾಲು ಧಾರಾಳವಾಯಿತು.

ಮೂರನೆಯದಕ್ಕೆ ನಗಲಾರೆ. “ಮಂದಿಗೇ ಗತಿ ಇಲ್ಲ, ನಾಯಿಗೆಲ್ಲಿಂದ ತರೋದು?” ಎಂದು ಕೇಳಿದರೆ, 2018ರಲ್ಲಿ ನೀತಿ ಆಯೋಗ ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಪಟ್ಟಿ ಮಾಡಿದಾಗ ಯಾದಗಿರಿಯ ಜೊತೆ ಸೇರಿಸಿಕೊಂಡ ಈ ಜಿಲ್ಲೆಯಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ನನ್ನ ಮನವಿ ಉಪವಾಸ ಇರುವವರಿಗಲ್ಲ, ಹಸ್ಕಿಗೆ ಸಾವಿರಗಟ್ಟಲೆ ಎಣಿಸುವವರಿಗೆ. ಕೊಳ್ಳುವ ಖರ್ಚೇ ಇಲ್ಲದ ನಾಯಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ, ಒಮ್ಮೆ ಸಂತಾನಹರಣ ಶಸ್ತ್ರಚಿಕಿತ್ಸೆ, ದಿನಕ್ಕಿಷ್ಟು ಅನ್ನ, ರೊಟ್ಟಿ. ನಾಯಿ ಕಡಿತದ ಭಯ ಸುಳ್ಳಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿ ಬೀದಿನಾಯಿಗಳೇ ಸುಮಾರು 11 ಲಕ್ಷ, ರೇಬೀಸ್ ಕಾಣಿಸಿಕೊಂಡ ಮೇಲೆ ಬದುಕುವ ಮಾತಿಲ್ಲ. ಅದಕ್ಕೇ ಹೇಳುವುದು, ಲಸಿಕೆ ಹಾಕಿಸಿಕೊಂಡು ಅಂಗಳದಲ್ಲಿ ಮಲಗಿದ ನಾಯಿ ಬೀದಿಯ ಲೆಕ್ಕದಿಂದ ಒಂದು ಕಡಿಮೆಯಾಗುತ್ತದೆ. ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರ ಆದೇಶದಲ್ಲಿ ಬೀದಿನಾಯಿಗಳನ್ನು ದತ್ತು ಪಡೆಯಲು ಸ್ಥಳೀಯ ಆಡಳಿತಕ್ಕೆ ಅರ್ಜಿ ಹಾಕಬಹುದೆಂದಿದೆ, ಹಾಗೆ ಪಡೆದದ್ದನ್ನು ಮತ್ತೆ ಬೀದಿಗೆ ಬಿಡಬಾರದೆಂದೂ ಹೇಳಿದೆ. ಹತ್ತು ಹನ್ನೆರಡು ವರ್ಷದ ಹೊಣೆ ಇದು, ನಿಜ. ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು ಮಾನ್ವಿಯ ಜಗನ್ನಾಥದಾಸರಿಗೆ ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆ ಎರೆದು ಕೊಟ್ಟರೆಂಬ ಪ್ರತೀತಿ ಈ ನೆಲದ್ದೇ. ನಾಯಿ ಅಷ್ಟು ಕೇಳುವುದಿಲ್ಲ, ರೊಟ್ಟಿಯ ಚೂರಿನ ಜೊತೆ ನಾಲ್ಕು ಹನಿ ಹಾಲು ಸಿಕ್ಕರೆ ಲೆಕ್ಕ ಚುಕ್ತಾ.

ತರುವವರಿಗೆ ಎರಡು ಮಾತು. ಮುರಿದ ಕಾಲು ಇನ್ನೂ ಜೋತಾಡುತ್ತಿದ್ದರೆ ಅದು ಮೊದಲು ಹೋಗಬೇಕಾದದ್ದು ಪಶು ಆಸ್ಪತ್ರೆಗೆ, ಮನೆಗಲ್ಲ. ಗಾಯ ಮಾಯ್ದದ್ದಾದರೆ ನೋಡಿಕೊಳ್ಳಬೇಕಾದದ್ದು ನೆಲ ಮತ್ತು ತೂಕ. ಹಳೆಯ ಶಹಾಬಾದ್ ಫರಸಿಯ ಒರಟು ಮೈ ಇಂಥ ನಾಯಿಗೆ ಹೇಳಿ ಮಾಡಿಸಿದ್ದು. ಹೊಳೆಯುವ ಟೈಲ್ಸ್ ಮೇಲೆ ಜಾರುತ್ತದೆ, ಓಡಾಡುವ ದಾರಿಗೆ ಗೋಣಿಚೀಲ ಹಾಸಬೇಕು. ಪಾಪ ಎಂದು ತುಪ್ಪ ಸುರಿದು ಬೊಜ್ಜು ಬೆಳೆಸಿದರೆ ಉಳಿದ ಮೂರು ಕಾಲಿನ ಕೀಲುಗಳು ಆ ಪಾಪ ಹೊರಬೇಕಾಗುತ್ತದೆ. ಇನ್ನೊಂದು ಕೆಲಸ ಉಂಟು, ಅದನ್ನು ಯಾವ ವೈದ್ಯರೂ ಚೀಟಿಯಲ್ಲಿ ಬರೆಯುವುದಿಲ್ಲ. ಹಿಂಗಾಲು ಹೋದ ಮಗ್ಗುಲಿನ ಕಿವಿ ತುರಿಸಿದಾಗ ಪ್ರಾಣಿ ಅಭ್ಯಾಸಬಲದಿಂದ ಇಲ್ಲದ ಕಾಲನ್ನೇ ಎತ್ತಿ ಕೆರೆಯಲು ನೋಡುತ್ತದೆ. ತೊಡೆಯ ಮೋಟು ಗಾಳಿಯಲ್ಲಿ ಪಟಪಟ ಆಡುತ್ತದೆ, ಕಿವಿ ಹಾಗೇ ಉಳಿಯುತ್ತದೆ. ಆಗ ಓದುತ್ತಿದ್ದ ಪತ್ರಿಕೆ ಬದಿಗಿಟ್ಟು ಆ ಕಿವಿಯ ಬುಡ ಕೆರೆಯುವುದು ಮನೆಯವರ ಪಾಲಿನ ಕೆಲಸ. ನಾಯಿಯಾದರೆ ಎಷ್ಟು ಕೆರೆದರೂ ಸಾಕೆನ್ನುವುದಿಲ್ಲ. ಬೆಕ್ಕು ಸಾಕೆನಿಸಿದ ಕೂಡಲೇ ಕಚ್ಚಿ ತಿಳಿಸುತ್ತದೆ. ಅದರ ಹಲ್ಲುಗಳಲ್ಲಿ ಒಂದೂ ಕಡಿಮೆ ಇರುವುದಿಲ್ಲ.