ಎಸ್ಟಿಮೇಟ್ ಮಾವ

ನಿವೃತ್ತ ಎಂಜಿನಿಯರು ಮಾವನಾಗಿ ಸಿಕ್ಕವರಿಗೆ ನಾನೇನೂ ಬಿಡಿಸಿ ಹೇಳಬೇಕಾಗಿಲ್ಲ. ಮುಹೂರ್ತದ ಹೊತ್ತಿಗೆ ಎಲ್ಲರೂ ವಧೂವರರ ಕಡೆ ನೋಡುತ್ತಿದ್ದರೆ ಇವರು ಅಕ್ಷತೆ ಹಿಡಿದುಕೊಂಡು ಕಲ್ಯಾಣ ಮಂಟಪದ ಸೀಲಿಂಗ್ ನೋಡುತ್ತಿರುತ್ತಾರೆ. 'ಕ್ಯೂರಿಂಗೇ ಮಾಡಿಲ್ಲ' ಎಂದು ಇವರು ಹೇಳುವುದಕ್ಕೂ ಗಟ್ಟಿಮೇಳ ನಿಲ್ಲುವುದಕ್ಕೂ ಸರಿಹೋಗಿ, ಬೀಗರೆಲ್ಲ ತಿರುಗಿ ನೋಡುತ್ತಾರೆ. ಗೃಹಪ್ರವೇಶಕ್ಕೆ ಹೋದರೆ ಪ್ರಸಾದಕ್ಕಿಂತ ಮೊದಲು ಬಚ್ಚಲಿಗೆ ಹೋಗಿ, ಒಂದು ಚೊಂಬು ನೀರು ಸುರಿದು, ಅದು ಯಾವ ಕಡೆ ಓಡುತ್ತದೆ ಎಂದು ಕಾದು ನಿಲ್ಲುತ್ತಾರೆ.

ನಮ್ಮ ಮಾವ ಮಗಳ ಮನೆಯಲ್ಲಿ ಬೇಸಿಗೆ ಕಳೆಯಲು ಮ್ಯಾಂಚೆಸ್ಟರ್‌ಗೆ ಬಂದಾಗ ಅವರನ್ನು ವೇಲ್ಸ್‌ನ ಡಿನಾಸ್ ಬ್ರಾನ್ ಕೋಟೆಗೆ ಕರೆದುಕೊಂಡು ಹೋದೆವು. ಲ್ಯಾಂಗೋಲೆನ್ ಎಂಬ ಪುಟ್ಟ ಊರು, ಪಕ್ಕದಲ್ಲಿ ಡೀ ನದಿ, ಊರಿನ ನೆತ್ತಿಯ ಮೇಲೆ ಸಮುದ್ರಮಟ್ಟದಿಂದ ಸಾವಿರ ಅಡಿ ದಾಟಿದ ಬೋಳುಗುಡ್ಡ, ಅದರ ತುದಿಯಲ್ಲಿ ಮುರಿದ ಗೋಡೆಗಳು. ಏರು ಜೋರು, ದಾರಿಯುದ್ದಕ್ಕೂ ಕುರಿ ಹಿಕ್ಕೆ. ಅತ್ತೆ ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಮಗಳ ಜರ್ಕಿನ್ನು ಹಾಕಿಕೊಂಡು, ಚಿತ್ರಾನ್ನದ ಡಬ್ಬಿ ಹಿಡಿದು ಏದುತ್ತಾ ಹತ್ತಿದರು. ಮಾವನಿಗೆ ಏದುಸಿರಿಲ್ಲ, ಸೈಟ್ ಇನ್‌ಸ್ಪೆಕ್ಷನ್ ಎಂದರೆ ಅವರಿಗೆ ಮಂಡಿನೋವೂ ನೆನಪಾಗುವುದಿಲ್ಲ.

ನಾನು ನಾಲ್ಕಕ್ಷರ ಓದಿಕೊಂಡು ಹೋಗಿದ್ದೆ. 'ಮಾವ, ಇದು ಉತ್ತರ ಪೊವಿಸ್‌ನ ದೊರೆ ಗ್ರಿಫಿದ್ 1260ರ ದಶಕದಲ್ಲಿ ಕಟ್ಟಿಸಿದ್ದು ಅಂತ ಅಂದಾಜು.'

'ಅಂದಾಜೇ? ಕಂಪ್ಲೀಷನ್ ಸರ್ಟಿಫಿಕೇಟ್ ಇಲ್ವೇನ್ರೀ?'

ಹೆಬ್ಬೆರಳ ಉಗುರಿನಿಂದ ಗೋಡೆಯ ಗಾರೆ ಕೆರೆದು, ಉದುರಿದ್ದನ್ನು ಎರಡು ಬೆರಳಲ್ಲಿ ತಿಕ್ಕಿ, ಮೂಸಿ, 'ಸುಣ್ಣ' ಎಂದರು. ನಾಲಿಗೆಗೂ ಇಡುತ್ತಿದ್ದರೇನೋ, ಅತ್ತೆ ಕೈ ಹಿಡಿದರು. ನಮ್ಮ ಕಡೆಯ ಗಾರೆಯಾದರೆ ಬೆಲ್ಲ, ಅಳಲೆಕಾಯಿ ನೀರು ಬೆರೆಸಿ ಅರೆಯುತ್ತಿದ್ದರು ಎಂದು ಪಾಠವೂ ಆಯಿತು. ಆಮೇಲೆ ಕೋಟೆಯ ದಕ್ಷಿಣ, ಪೂರ್ವ ಬದಿಗಳಲ್ಲಿ ಬಂಡೆ ಕಡಿದು ತೋಡಿದ ಕಂದಕ ಕಂಡಿತು. ಆ ಕಲ್ಲನ್ನೇ ಗೋಡೆಗೆ ಬಳಸಿದರಂತೆ ಎಂದೆ. ಮಾವನ ಮುಖದಲ್ಲಿ ಗೌರವ ಮೂಡಿದ್ದು ಆ ದಿನ ಅದೊಂದೇ ಸಲ.

'ಭೇಷ್! ಲೀಡೂ ಇಲ್ಲ, ಲಿಫ್ಟೂ ಇಲ್ಲ, ಸಾಗಣೆ ಖರ್ಚೇ ಇಲ್ಲ. ನಮ್ಮಲ್ಲಾಗಿದ್ರೆ ಕಂದಕಕ್ಕೊಂದು ಬಿಲ್ಲು, ಅಲ್ಲಿಂದ ತೆಗೆದ ಕಲ್ಲು ದೂರ ಸಾಗಿಸಿದ್ದಕ್ಕೊಂದು ಬಿಲ್ಲು, ಅದೇ ಕಲ್ಲು ವಾಪಸ್ ತಂದಿದ್ದಕ್ಕೊಂದು ಬಿಲ್ಲು.'

ಗೌರವ ಹೆಚ್ಚು ಹೊತ್ತು ಉಳಿಯಲಿಲ್ಲ. 1277ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ವೇಲ್ಸ್ ಮೇಲೆ ದಂಡೆತ್ತಿ ಬಂದ. ಅವನ ಕಡೆಯ ಹೆನ್ರಿ ಡಿ ಲೇಸಿ ಎಂಬ ಸರದಾರ ಸೈನ್ಯ ತಂದು ಮುತ್ತುವುದಕ್ಕೆ ಮೊದಲೇ ಒಳಗಿದ್ದ ವೇಲ್ಸಿನವರು ತಾವೇ ಕೋಟೆಗೆ ಬೆಂಕಿ ಇಟ್ಟು ಹೋಗಿಬಿಟ್ಟರು. ಅಲ್ಲಿಗೆ ಮುಗಿಯಿತು, ಮತ್ತೆ ಯಾರೂ ಕಟ್ಟಲಿಲ್ಲ.

ಮಾವ ಬೆರಳು ಮಡಿಸಿ ಲೆಕ್ಕ ಹಾಕಿದರು. 'ಅಂದ್ರೆ ಇಪ್ಪತ್ತು ವರ್ಷವೂ ಬಳಕೆಯಲ್ಲಿರಲಿಲ್ಲ. ಆಡಿಟ್‌ನವರು ಹೊರಟ ಸುದ್ದಿ ಬಂದ ರಾತ್ರಿ ರೆಕಾರ್ಡ್ ರೂಮಿಗೆ ಶಾರ್ಟ್ ಸರ್ಕ್ಯೂಟ್ ಆಗುತ್ತಲ್ಲ, ಹಾಗಾಯ್ತು ಬಿಡಿ ಇದು. ಒಳಗೆ ಏನೋ ಇತ್ತು.'

ಮಾವ ಚಿತ್ರದುರ್ಗದಲ್ಲಿ ಕೆಲಸ ಮಾಡಿದವರು. ಅವರ ಪ್ರಕಾರ ಕೋಟೆ ಎಂದರೆ ನೀರಿನ ವ್ಯವಸ್ಥೆ, ಗೋಡೆ ಆಮೇಲೆ. 'ದುರ್ಗ ಹೈದರಾಲಿ ಕೈಗೆ ಬಿದ್ದಿದ್ದು 1779ರಲ್ಲಿ. ಅದಕ್ಕೆ ಮುಂಚೆ ಮುತ್ತಿಗೆ ತಡ್ಕೊಂಡಿದ್ದು ಹೆಂಗೆ? ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ನೀರು ಅಕ್ಕ-ತಂಗಿ ಹೊಂಡಕ್ಕೆ. ಇಲ್ನೋಡಿ, ಮಳೆ ವರ್ಷವಿಡೀ ಸುರಿಯುತ್ತೆ, ಹೊಳೆ ಮಾತ್ರ ಅಷ್ಟು ಕೆಳಗೆ! ಬಿಂದಿಗೆ ಹೊತ್ತವಳ ಗತಿ ಏನು?'

'ಬಿಂದಿಗೆ ಹೊತ್ತವಳ ಚಿಂತೆ ಮನೇಲಿ ಯಾವತ್ತಾದ್ರೂ ಮಾಡಿದ್ರಾ? ಬನ್ನಿ, ಊಟ ಮಾಡಿ' ಎಂದರು ಅತ್ತೆ.

ಚಿತ್ರಾನ್ನ ಅರ್ಧ ಆಗಿತ್ತು. ದಕ್ಷಿಣದ ಗೋಡೆಯಲ್ಲಿ ಹಳೆಯ ಕಿಟಕಿಯ ಹರಕು ಕಂಡಿಯೊಂದು ಆಕಾಶಕ್ಕೆ ಬಾಯಿ ತೆರೆದು ನಿಂತಿದೆ. ಎಲ್ಲರೂ ಫೋಟೊ ತೆಗೆಸಿಕೊಳ್ಳುವುದು ಅಲ್ಲೇ. ಇಂಗ್ಲಿಷ್ ಸಂಸಾರವೊಂದು ಮಕ್ಕಳು, ನಾಯಿ ಸಮೇತ ಅದರ ಬುಡದಲ್ಲಿ ಸಾಲಾಗಿ ನಿಂತಿತ್ತು. ಮಾವ ಮೇಲಿನ ಕಲ್ಲುಗಳನ್ನು ನೋಡಿದರು. ಎಂಜಲು ಕೈ ಮೇಲೆತ್ತಿ ಎದ್ದರು.

'ಏಯ್! ನಾಟ್ ಸೇಫ್! ಕಮ್ ದಿಸ್ ಸೈಡ್! ಡಾಗ್ ಆಲ್ಸೋ!'

ನನ್ನವಳು ಮುಖ ಮುಚ್ಚಿಕೊಂಡಳು. ಆದರೆ ಮೂವತ್ತು ವರ್ಷ ಮೇಸ್ತ್ರಿಗಳನ್ನು ನಡುಗಿಸಿದ ದನಿ ಅದು. ಅವರು ಮರುಮಾತಿಲ್ಲದೆ ಜರುಗಿದರು. ನಾಯಿ ಎಲ್ಲರಿಗಿಂತ ಮೊದಲು. ಮಂಕಿ ಕ್ಯಾಪ್ ಹಾಕಿದ ಮಾವ, ಗೋಡೆಯಿಂದ ಎಷ್ಟು ದೂರ ನಿಲ್ಲಬೇಕೆಂದು ಹೆಜ್ಜೆಯಿಂದ ಅಳೆದು, ಹುಲ್ಲಿನ ಮೇಲೆ ಬೂಟಿನಿಂದ ಗೆರೆ ಎಳೆದು ತೋರಿಸಿದರು. ಯಜಮಾನ ಬಹಳ ವಿನಯದಿಂದ, ತಾವು ಈ ಕೋಟೆಯ ಸಿಬ್ಬಂದಿಯೇ ಎಂದು ಕೇಳಿದ.

ಮಾವ ಬೆನ್ನು ನೆಟ್ಟಗೆ ಮಾಡಿದರು. 'ರಿಟೈರ್ಡ್' ಎಂದರು.